ಕೀಪ್ಯಾಡ್ ಫೋನಿನವರ ದುಡ್ಡು ಅವರ ಖಾತೆಗೇ ಬರಲಿ

ಸಂಪಾದಕರೇ,

ನಾನು ಉಡುಪಿಯಲ್ಲಿ 26 ವರ್ಷ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಸಂಗ್ರಹ ಮಾಡಿದವನು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಇದೇ ಊರಿನಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಬ್ಯಾಂಕೇ ಮನೆ ಬಾಗಿಲಿಗೆ ಬರುತ್ತಿತ್ತು. ಕೀನ್ಯಾದಲ್ಲಿ 2007ರಲ್ಲಿ ಬಂದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಕೂಡ ಸಾದಾ ಫೋನಿನವರನ್ನು ಬಿಡಲಿಲ್ಲ. ಹಣ ಕಳಿಸುವುದು ಫೋನಿನಲ್ಲಿ, ನಗದು ಪಡೆಯುವುದು ಹತ್ತಿರದ ಅಂಗಡಿಯಲ್ಲಿ.

ಮೊನ್ನೆ ಮೀನು ಮಾರುಕಟ್ಟೆಯಲ್ಲಿ ನನ್ನ ಹಳೆಯ ಪಿಗ್ಮಿ ಗ್ರಾಹಕರೊಬ್ಬರು ಸಿಕ್ಕಿದರು. ಬಂಗುಡೆ ಬುಟ್ಟಿಯ ಪಕ್ಕ ಕ್ಯೂಆರ್ ಕೋಡ್ ಇತ್ತು. ಅದು ಮಗನ ಖಾತೆಯದು. "ದುಡ್ಡು ಬಂತಾ ಇಲ್ವಾ ಅಂತ ಸಂಜೆ ಅವನು ಬಂದ ಮೇಲೇ ಗೊತ್ತಾಗುವುದು ಅಣ್ಣಾ" ಎಂದರು. ಅವರ ಕೈಯಲ್ಲಿರುವುದು ಕೀಪ್ಯಾಡ್ ಫೋನ್. ಬಿಸಿಲಲ್ಲಿ ಕೂತು ದುಡಿದದ್ದು ಅವರು, ಅಲ್ವಾ? ಮಗನೇ ಆದರೂ ಅದು ಬೇರೆ ಖಾತೆ.

ಇಂಟರ್ನೆಟ್ ಇಲ್ಲದ ಫೋನಿಗೆಂದೇ 2022ರಲ್ಲಿ ಯುಪಿಐ 123ಪೇ ಎಂಬ ಪಾವತಿ ಸೇವೆ ಬಂದಿದೆ. ಅವರ ಬ್ಯಾಂಕಿನಲ್ಲಿ ಯಾರೂ ಅದನ್ನು ಹೇಳಿಲ್ಲ. ಬ್ಯಾಂಕಿನವರು ಮಾರುಕಟ್ಟೆಗೇ ಬರಲಿ. ಅವರವರ ಹೆಸರಿನಲ್ಲೇ ಕ್ಯೂಆರ್ ಮಾಡಿಕೊಡಲಿ. ಬಂದ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆ ಕೊಡಲಿ. ತುಳುವಿನಲ್ಲಿ ನಿಧಾನವಾಗಿ ವಿವರಿಸಲಿ. ಕರೆದರೆ ನಾನೂ ಜೊತೆಗೆ ಬರುತ್ತೇನೆ.

ನಿವೃತ್ತ ಪಿಗ್ಮಿ ಸಂಗ್ರಾಹಕ, ಉಡುಪಿ