ಹೇರ್ ಎಂದರೆ ಮೊಲವೋ, ಕೂದಲೋ: ಕಾರ್ಟೂನ್ ಕೈಪಿಡಿ ಬರೆಯುತ್ತಿರುವ ತಮ್ಮನಿಗೆ

ಪ್ರಿಯ ತಮ್ಮಾ,

ನೀನು ಕಳಿಸಿದ ಮೂವತ್ತು ನಮೂದುಗಳನ್ನೆಲ್ಲ ಓದಿದೆ. ವಾರ್ನರ್ ಬ್ರದರ್ಸ್‌ನ ಹಳೆಯ ಕಾರ್ಟೂನುಗಳಿಗೆ ಕನ್ನಡದಲ್ಲೊಂದು ಕೈಪಿಡಿ ಖಂಡಿತ ಬೇಕು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ ಬಗ್ಸ್ ಬನ್ನಿಯನ್ನು ನೋಡುತ್ತಲೇ ಬೆಳೆದವರು ನಮ್ಮಲ್ಲಿ ಎಷ್ಟೊಂದು ಜನ! ನಿನ್ನ ಕಥಾಸಾರಗಳಲ್ಲಿ ಲವಲವಿಕೆ ಇದೆ. ಆದರೆ ನೀನು ನೋಡಿದ್ದು ಯಾವ ಪ್ರಿಂಟ್, ಅಂದರೆ ಚಿತ್ರದ ಯಾವ ಪ್ರತಿ, ಎಂದು ಒಂದರಲ್ಲೂ ಬರೆದಿಲ್ಲ. ಪ್ರತಿ ನಮೂದಿನಲ್ಲೂ ಅದು ಮೊದಲ ಸಾಲಿನಲ್ಲೇ ಬರಬೇಕು.

ಏಕೆಂದು ನಿನ್ನ ನಮೂದಿನಿಂದಲೇ ತೋರಿಸುತ್ತೇನೆ. ನಿರ್ದೇಶಕ ಟೆಕ್ಸ್ ಏವರಿಯ ಮೊಲದ ಚಿತ್ರಕ್ಕೆ ನೀನು 'ದ ವೈಲ್ಡ್ ಹೇರ್' ಎಂದು ಹೆಸರು ಕೊಟ್ಟಿದ್ದೀಯ. ಬಗ್ಸ್ ಹಿಂದಿನಿಂದ ಬಂದು ಬೇಟೆಗಾರ ಎಲ್ಮರ್ ಫಡ್‌ನ ಕಣ್ಣು ಮುಚ್ಚಿ 'ಯಾರು ಹೇಳು' ಅಂದಾಗ ಎಲ್ಮರ್ ಸಿನಿಮಾ ತಾರೆಯರ ಹೆಸರು ಹೇಳುತ್ತ ಹೋಗುತ್ತಾನಲ್ಲ, ಅಲ್ಲಿ ಬಾರ್ಬರಾ ಸ್ಟ್ಯಾನ್‌ವಿಕ್ ಹೆಸರು ಬರೆದಿದ್ದೀಯ. ಈ ಎರಡು ಗುರುತು ಸಾಕು: ನೀನು ನೋಡಿದ್ದು ಮರುಬಿಡುಗಡೆಯ ಪ್ರಿಂಟ್. 1940ರ ಜುಲೈ 27ರಂದು ಬಿಡುಗಡೆಯಾದಾಗ ಅದು 'ಎ ವೈಲ್ಡ್ ಹೇರ್', ಆ ಜಾಗದಲ್ಲಿದ್ದ ಹೆಸರು ಕ್ಯಾರೊಲ್ ಲೊಂಬಾರ್ಡ್. ಆಕೆ 1942ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಚಿತ್ರವನ್ನು ಮತ್ತೆ ಬಿಡುವಾಗ ಅಷ್ಟು ಮಾತನ್ನು ಬದಲಿಸಿದರು. ಎರಡೂ ಬಗೆಯ ಪ್ರಿಂಟ್ ಉಳಿದಿರುವುದರಿಂದ ಎರಡನ್ನೂ ನಮೂದಿಸು, ಮೂಲದ್ದನ್ನು ಮೇಲೆ ಇಡು.

ಈ ಮರುಬಿಡುಗಡೆಗಳಿಗೆ ಬ್ಲೂ ರಿಬ್ಬನ್ ಎಂದು ಹೆಸರು. 1943ರಿಂದ ಶುರುವಾದವು. ಹಳೆಯ ಶೀರ್ಷಿಕೆ, ಕೆಲಸ ಮಾಡಿದವರ ಹೆಸರು ಎರಡನ್ನೂ ನೆಗೆಟಿವ್‌ನಿಂದಲೇ ಕತ್ತರಿಸಿ, ನೀಲಿ ರಿಬ್ಬನ್ ಚಿತ್ರವಿದ್ದ ಹೊಸ ಶೀರ್ಷಿಕೆಯನ್ನು ಅಂಟಿಸಿದರು. ಹಾಗಾಗಿ ಎಷ್ಟೋ ಚಿತ್ರಗಳಲ್ಲಿ ನಿರ್ದೇಶಕರ ಹೆಸರೇ ಕಾಣುವುದಿಲ್ಲ. ಅಂಥ ಕಡೆ 'ಈ ಪ್ರಿಂಟ್‌ನಲ್ಲಿ ಹೆಸರುಗಳಿಲ್ಲ' ಎಂದು ಬರೆ. ಖಾಲಿ ಬಿಟ್ಟರೆ ನೀನೇ ಮರೆತೆ ಎಂದು ಓದುಗ ತಿಳಿಯುತ್ತಾನೆ.

ಇನ್ನೊಂದು ಬಲೆ ಬಣ್ಣದ್ದು. ನಿನ್ನ ಪಟ್ಟಿಯಲ್ಲಿ 1930ರ ದಶಕದ ಪೋರ್ಕಿ ಪಿಗ್ ಚಿತ್ರಗಳ ಮುಂದೆ 'ಬಣ್ಣ' ಎಂದಿದೆ. ಸ್ಟುಡಿಯೋದ ಎರಡು ಸರಣಿಗಳಲ್ಲಿ ಮೆರಿ ಮೆಲಡೀಸ್‌ಗೆ 1934ರಲ್ಲೇ ಬಣ್ಣ ಬಂತು. ಪೋರ್ಕಿ ಹೆಚ್ಚಾಗಿ ಬರುವ ಲೂನಿ ಟ್ಯೂನ್ಸ್ 1942ರವರೆಗೂ ಕಪ್ಪು ಬಿಳುಪೇ. ಅದಕ್ಕಿಂತ ಹಳೆಯ ಲೂನಿ ಟ್ಯೂನ್ಸ್ ಬಣ್ಣದಲ್ಲಿ ಕಂಡರೆ ಆಮೇಲೆ ಯಾರೋ ಬಣ್ಣ ಹಚ್ಚಿದ್ದಾರೆ ಎಂದೇ ಅರ್ಥ. 1960ರ ದಶಕದ ಕೊನೆಯಲ್ಲಿ ಟಿವಿಗಾಗಿ ಇವನ್ನು ಕೊರಿಯಾದಲ್ಲಿ ಕೈಯಿಂದ ಮತ್ತೆ ಬರೆಸಿದರು. ಮೂಲದ ಚಿತ್ರಗಳ ಮೇಲೆ ಹಾಳೆಯಿಟ್ಟು ತಿದ್ದುವಾಗ ನಡುನಡುವಿನ ಚಿತ್ರಗಳನ್ನು ಬಿಟ್ಟುಬಿಟ್ಟದ್ದರಿಂದ ಚಲನೆ ಕುಂಟುತ್ತದೆ, ಹಿನ್ನೆಲೆಯೂ ಬಡವಾಗಿದೆ. ಅದನ್ನು ನೋಡಿ 'ಅನಿಮೇಷನ್ ಒರಟು' ಎಂದು ಬರೆದರೆ ಮೂಲ ಕಲಾವಿದರಿಗೆ ಅನ್ಯಾಯ. ನಿನ್ನ ಎರಡು ನಮೂದುಗಳಲ್ಲಿ ಇದೇ ಆಗಿದೆ. ಕಪ್ಪು ಬಿಳುಪಿನ ಪ್ರಿಂಟ್ ಹುಡುಕಿ ನೋಡು, ಆ ಸಾಲುಗಳನ್ನು ಹೊಸದಾಗಿ ಬರೆ.

ಅವಧಿಯ ಲೆಕ್ಕ ಹೀಗೆ. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮು, ಸೆಕೆಂಡಿಗೆ 24 ಫ್ರೇಮು, ಅಂದರೆ ನಿಮಿಷಕ್ಕೆ 90 ಅಡಿ. ಏಳು ನಿಮಿಷದ ಕಾರ್ಟೂನು 630 ಅಡಿ, 10,080 ಫ್ರೇಮು. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು ಓಡುವುದರಿಂದ ಅದೇ ಚಿತ್ರ 6 ನಿಮಿಷ 43 ಸೆಕೆಂಡಿಗೆ ಮುಗಿಯುತ್ತದೆ, ಸ್ವರವೂ ತುಸು ಏರುತ್ತದೆ. ಹದಿನೇಳು ಸೆಕೆಂಡು ಕಡಿಮೆ ಕಂಡ ಕೂಡಲೇ 'ಕತ್ತರಿ ಹಾಕಿದ್ದಾರೆ' ಎಂದು ಬರೆಯಬೇಡ. ಮೊದಲು ಈ ಗುಣಾಕಾರ ಮಾಡು, ಆಮೇಲೂ ವ್ಯತ್ಯಾಸ ಉಳಿದರೆ ಕತ್ತರಿ ಎಲ್ಲಿ ಬಿದ್ದಿದೆ ಎಂದು ಹುಡುಕು. ಟಿವಿಯವರು ಬಂದೂಕು ಹಾರುವ ಕಡೆಗಳಲ್ಲೇ ಹೆಚ್ಚು ಕತ್ತರಿಸಿದ್ದಾರೆ.

ಇಸವಿಯನ್ನು ಶೀರ್ಷಿಕೆಯ ಕೆಳಗಿನ ರೋಮನ್ ಅಂಕಿಯಿಂದ ಎತ್ತಿಕೊಳ್ಳುವಾಗ ಎಚ್ಚರ. ಎಕ್ಸ್ ಎಲ್ ಅಂದರೆ ನಲವತ್ತು, ಎಲ್ ಎಕ್ಸ್ ಅಂದರೆ ಅರವತ್ತು. ಅದು ಕಾಪಿರೈಟ್ ವರ್ಷ, ಬಿಡುಗಡೆಯ ವರ್ಷ ಬೇರೆ ಇರಬಹುದು. ಎರಡಕ್ಕೂ ಬೇರೆ ಬೇರೆ ಕಾಲಂ ಮಾಡು. 'ಒನ್ ಫ್ರಾಗಿ ಈವನಿಂಗ್' ತೆರೆಗೆ ಬಂದದ್ದು 1955ರ ಡಿಸೆಂಬರ್ 31ಕ್ಕೆ. ಒಂದು ದಿನ ತಪ್ಪಿದರೆ ಇಸವಿಯೇ ತಪ್ಪುತ್ತದೆ.

ಹೆಸರುಗಳ ವಿಷಯಕ್ಕೆ ಬರೋಣ. ಪರದೆಯ ಮೇಲೆ ಕಂಡದ್ದು ಒಂದು ಸಾಲು, ಬೇರೆ ಆಧಾರದಿಂದ ತಿಳಿದದ್ದು ಇನ್ನೊಂದು ಸಾಲು; ಎರಡನ್ನೂ ಬೆರೆಸಬೇಡ. ನಿರ್ದೇಶಕರಲ್ಲಿ ಟೆಕ್ಸ್ ಏವರಿ ಪರದೆಯ ಮೇಲೆ ಫ್ರೆಡ್ ಏವರಿ, ಚಕ್ ಜೋನ್ಸ್ ಬಹಳ ಕಾಲ ಚಾರ್ಲ್ಸ್ ಎಂ. ಜೋನ್ಸ್, ಫ್ರಿಜ್ ಫ್ರೆಲೆಂಗ್ 'ಐ. ಫ್ರೆಲೆಂಗ್', ಫ್ರ್ಯಾಂಕ್ ಟ್ಯಾಶ್ಲಿನ್ ಒಮ್ಮೊಮ್ಮೆ ಫ್ರ್ಯಾಂಕ್ ಟ್ಯಾಶ್. ನಿರ್ದೇಶಕನಿಗೆ ಆ ಕಾಲದ ಚಿತ್ರಗಳಲ್ಲಿ 'ಸೂಪರ್‌ವಿಷನ್' ಎಂಬ ಪದ ಬಳಸುತ್ತಿದ್ದರು, ಅದನ್ನು ಮೇಲ್ವಿಚಾರಕ ಎಂದು ಅನುವಾದಿಸಿ ಬೇರೆಯವನನ್ನು ಸೃಷ್ಟಿಸಬೇಡ. 'ಎ ವೈಲ್ಡ್ ಹೇರ್'ನಲ್ಲಿ ಅನಿಮೇಟರ್ ಎಂದು ಕಾಣುವುದು ವರ್ಜಿಲ್ ರಾಸ್ ಒಬ್ಬರ ಹೆಸರು, ಕೆಲಸ ಮಾಡಿದವರು ಹಲವರು. ಆಮೇಲಿನ ಚಿತ್ರಗಳಲ್ಲಿ ಧ್ವನಿಗೆ ಹೆಚ್ಚಾಗಿ ಬಗ್ಸ್‌ನ ದನಿಯಾದ ಮೆಲ್ ಬ್ಲಾಂಕ್ ಹೆಸರೊಂದೇ ಬರುತ್ತಿತ್ತು, ಏಕೆಂದರೆ ಅವರ ಕರಾರು ಹಾಗಿತ್ತು. ಎಲ್ಮರ್‌ಗೆ ದನಿ ಕೊಟ್ಟ ಆರ್ಥರ್ ಕ್ಯೂ. ಬ್ರಯಾನ್ ಹೆಸರು ಸಾಮಾನ್ಯವಾಗಿ ತೆರೆಯ ಮೇಲೆ ಕಾಣುತ್ತಿರಲಿಲ್ಲ. ಅವರ ಹೆಸರನ್ನು ನೀನು ಎರಡನೇ ಸಾಲಿನಲ್ಲಿ ತಪ್ಪದೆ ಹಾಕಬೇಕು.

1941ರ 'ವ್ಯಾಬಿಟ್ ಟ್ವಬಲ್' ಚಿತ್ರದ ಹೆಸರು ಕಾರ್ಡನ್ನು ನಿಲ್ಲಿಸಿ ಓದು. ಎಲ್ಮರ್ ಬಾಯಲ್ಲಿ ರ, ಲ ಎರಡೂ ವ ಆಗುತ್ತವಲ್ಲ, ಕಾರ್ಡನ್ನೂ ಅವನ ಬಾಯಿಯ ಹಾಗೇ ಬರೆದಿದ್ದಾರೆ. ನಿರ್ದೇಶಕ ರಾಬರ್ಟ್ ಕ್ಲಾಂಪೆಟ್ ಅಲ್ಲಿ ವಾಬರ್ಟ್ ಕ್ವಾಂಪೆಟ್, ಸಂಗೀತದ ಕಾರ್ಲ್ ಸ್ಟಾಲಿಂಗ್ ಸ್ಟಾವಿಂಗ್. ಪರದೆಯ ಸಾಲಿನಲ್ಲಿ ಹಾಗೇ ಬರೆ, ಸೂಚಿಯಲ್ಲಿ ಸರಿಯಾದ ಹೆಸರು ಕೊಡು.

ಕನ್ನಡ ಲಿಪಿಯದ್ದೇ ಒಂದು ತೊಡಕಿದೆ, ನಿನ್ನ ಕೈಪಿಡಿಗೆ ಮಾತ್ರ ಬರುವಂಥದ್ದು. ಇಂಗ್ಲಿಷಿನಲ್ಲಿ ಮೊಲಕ್ಕೂ ಕೂದಲಿಗೂ ಉಚ್ಚಾರ ಒಂದೇ, ಕಾಗುಣಿತ ಬೇರೆ. ಈ ಸ್ಟುಡಿಯೋದ ಹೆಸರುಗಳ ಶ್ಲೇಷೆ ನಿಂತಿರುವುದೇ ಅದರ ಮೇಲೆ. ಕನ್ನಡದಲ್ಲಿ ಎರಡೂ 'ಹೇರ್'. 1946ರ 'ಹೇರ್-ರೇಝಿಂಗ್ ಹೇರ್'ನಲ್ಲಿ ಮೊದಲನೆಯದು ಕೂದಲು, ಎರಡನೆಯದು ಮೊಲ. 'ಮೈ ನವಿರೇಳಿಸುವ ಮೊಲ' ಎಂದು ಪಕ್ಕದಲ್ಲಿ ಕೊಡು, ನವಿರು ಎಂದರೆ ಕೂದಲೇ ಆದ್ದರಿಂದ ಅರ್ಥ ಚೆನ್ನಾಗಿ ಕೂರುತ್ತದೆ. 'ರೇಸಿಂಗ್' ಎಂದು ಬರೆದೀಯೆ, ಓಟದ ಪಂದ್ಯವಾಗಿಬಿಡುತ್ತದೆ. ಸೂಚಿಯ ಅಕಾರಾದಿಯಲ್ಲಿ ಎ, ದ ಎಂಬ ಪದಗಳನ್ನು ಹಿಂದಕ್ಕೆ ತಳ್ಳು: 'ವೈಲ್ಡ್ ಹೇರ್, ಎ'.

ಕಥಾಸಾರ 60 ಪದ ದಾಟದಿರಲಿ, ಆದರೆ ಒಂದು ದೃಶ್ಯ ಕಣ್ಣಿಗೆ ಕಟ್ಟಬೇಕು. 'ಎ ವೈಲ್ಡ್ ಹೇರ್'ನಲ್ಲಿ ಬಿಲದಿಂದ ಒಂದು ಕೈ ಹೊರಬಂದು ತಡಕಾಡಿ ಕ್ಯಾರೆಟ್ ಎತ್ತಿಕೊಳ್ಳುತ್ತದೆ. ಮತ್ತೆ ಬಂದಾಗ ಬಂದೂಕಿನ ನಳಿಗೆ ತಾಗುತ್ತದೆ, ಸರಕ್ಕನೆ ಒಳಗೆ ಹೋಗಿ, ಕಚ್ಚಿದ ಕ್ಯಾರೆಟ್ಟನ್ನು ವಾಪಸ್ ತಂದಿಡುತ್ತದೆ. ಇಷ್ಟು ಬರೆದರೆ 'ಬಗ್ಸ್ ಚತುರ' ಎಂಬ ನಿನ್ನ ಸಾಲು ಬೇಕಾಗುವುದಿಲ್ಲ.

1968ರಿಂದ ಟಿವಿಯಲ್ಲಿ ತೋರಿಸದೆ ಬದಿಗಿಟ್ಟ ಹನ್ನೊಂದು ಚಿತ್ರಗಳನ್ನೂ ಸೇರಿಸು. ಕಪ್ಪು ಜನರನ್ನು ಹೀನಾಯವಾಗಿ ಚಿತ್ರಿಸಿದ್ದೇ ಕಾರಣ ಎಂದು ನೇರವಾಗಿ ಬರೆ. ಕೈಬಿಟ್ಟರೆ ಪಟ್ಟಿಯೂ ಸುಳ್ಳು, ಚರಿತ್ರೆಯೂ ಸುಳ್ಳು.

ಅಭಿಮಾನಿಗಳು ನಿನ್ನ ಕಟು ಓದುಗರು. ಗೆರೆ ನೋಡಿಯೇ ಇದು ಅನಿಮೇಟರ್ ರಾಡ್ ಸ್ಕ್ರಿಬ್ನರ್ ಕೈ ಎಂದು ಹೇಳುವವರು ಅವರಲ್ಲಿದ್ದಾರೆ. ಅವರ ತಿದ್ದುಪಡಿ ಬಂದರೆ ಯಾವ ಪ್ರಿಂಟ್, ಎಷ್ಟನೇ ನಿಮಿಷ ಎಂದು ಕೇಳು, ನೀನೇ ನೋಡಿ ಖಚಿತವಾದ ಮೇಲೆ ಸೇರಿಸು. ನೋಟದಿಂದ ಗುರುತಿಸಿದ್ದಾದರೆ 'ಅಂದಾಜು' ಎಂಬ ಗುರುತು ಇರಲಿ.

ಈ ಮೂವತ್ತು ನಮೂದುಗಳನ್ನು ಸರಿಪಡಿಸಿ ಕಳಿಸು, ಪೋರ್ಕಿಯ ಆ ಎರಡನ್ನು ಮೊದಲು.

ಇಂತಿ,
ನಿನ್ನ ಅಣ್ಣ