ವಿಷಯ: ಹೈಡ್ರಾಲಿಕ್ ರಿಪೇರಿ ಹೆಸರಲ್ಲಿ ನನ್ನ ಹಂಗಾಮು ಕಳೆದ ನಿಮ್ಮ ಸರ್ವಿಸ್ ಸೆಂಟರ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಟ್ರ್ಯಾಕ್ಟರ್ ಕಂಪನಿಯ ಮುಖ್ಯ ಕಚೇರಿ

ಮಾನ್ಯರೇ,

ನಿಮ್ಮ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಮಾಡಿ, ‘ನಿಮ್ಮ ದೂರನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ’ ಎಂಬ ಮೆಸೇಜ್ ಓದಿ ಓದಿ ಸಾಕಾಗಿದೆ. ಕಳೆದ ವಾರ ಇನ್ನೊಂದು ಮೆಸೇಜ್ ಬಂತು. ದೂರು ತೃಪ್ತಿಕರವಾಗಿ ಮುಗಿದಿದೆಯಂತೆ, 5ಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳಿದ್ದೀರಿ. ಅಂಕ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದ ಇದೆ.

ನಮ್ಮದು ಹಾವೇರಿ ಜಿಲ್ಲೆ, ಎರೆ ಹೊಲ. ಅಣ್ಣ ತಮ್ಮ ಕೂಡಿ ಮಾಡುವ ಒಕ್ಕಲುತನ. ಗೋವಿನಜೋಳ ಹಾಕುತ್ತೇವೆ, ನಡುನಡುವೆ ತೊಗರಿ ಅಕ್ಕಡಿ, ಒಂದಿಷ್ಟು ಹತ್ತಿ. ಗಾಡಿ ನಿಮ್ಮ ಕಂಪನಿಯದೇ, 35 ಎಚ್‌ಪಿ, 1998ರ ಮಾಡೆಲ್, ನಮ್ಮ ಅಪ್ಪ ಬ್ಯಾಂಕ್ ಸಾಲ ಮಾಡಿ ತಂದದ್ದು. ಎತ್ತು ಮಾರಿದ ಮೇಲೆ ಎಡೆ ಹೊಡೆಯುವುದೂ, ಅಂದರೆ ಪೈರಿನ ಸಾಲುಗಳ ನಡುವೆ ಹಾಯ್ದು ಕಳೆ ಕೀಳುವುದೂ, ಇದರಲ್ಲೇ. ಇಂಥ ಕೆಲಸಕ್ಕೆ ಹಳೇ ಸಣ್ಣ ಗಾಡಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಟೈರ್ ಅಗಲ ಕಡಿಮೆ, ತೂಕ ಕಡಿಮೆ, ಎರೆ ಮಣ್ಣು ಒತ್ತಿ ಕೂರುವುದಿಲ್ಲ. ಊರಲ್ಲಿ ಹೊಸ 50 ಎಚ್‌ಪಿ ತಂದವರೂ ಎಡೆ ಹೊಡೆಯುವ ದಿನ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಾರೆ.

ಸಾಲಿನ ಲೆಕ್ಕ ನಿಮಗೆ ಹೇಳಬೇಕಿಲ್ಲ. ನಿಮ್ಮದೇ ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ಇದೆ. ನಮ್ಮ ಸಾಲು 2 ಅಡಿಗೆ ಒಂದು, ಹಿಂದಿನ ಗಾಲಿಗಳ ನಡುವಿನ ಅಂತರ 4 ಅಡಿ. ಎರಡು ಸಾಲು ಗಾಡಿಯ ಹೊಟ್ಟೆ ಕೆಳಗೆ ಹಾಯುತ್ತವೆ, ಗಾಲಿ ಆಚೀಚೆಯ ಎಡೆಯಲ್ಲಿ ಹೋಗುತ್ತವೆ. ಟೈರಿಗೂ ಪೈರಿಗೂ ನಡುವೆ ಉಳಿಯುವುದು ಐದಾರು ಇಂಚು ಮಾತ್ರ. ಗಾಡಿಯ ಹಿಂದೆ ಕಟ್ಟುವ ಕಲ್ಟಿವೇಟರಿನಲ್ಲಿ ಸಾಲಿನ ಮೇಲೆ ಬರುವ ಹಲ್ಲು ಬಿಚ್ಚಿಟ್ಟು, ಉಳಿದವನ್ನು ಎರಡು ಮೂರು ಇಂಚು ಇಳಿಸಿ ನಡೆಸಬೇಕು. ಜಾಸ್ತಿ ಇಳಿದರೆ ಬೇರು ಹರಿಯುತ್ತದೆ. ಕಡಿಮೆ ಆದರೆ ಕಳೆಯ ತಲೆ ಸವರಿದ ಹಾಗಾಗುತ್ತದೆ ಅಷ್ಟೇ. ಆ ಆಳ ಕಾಯುವುದು ಲಿಫ್ಟ್, ಎಣ್ಣೆಯ ಒತ್ತಡದಿಂದ ಕಲ್ಟಿವೇಟರ್ ಎತ್ತಿ ಇಳಿಸುವ ಹೈಡ್ರಾಲಿಕ್. ಲಿಫ್ಟ್ ನಿಲ್ಲದಿದ್ದರೆ ಇಂಜಿನ್ ಎಷ್ಟು ಚೆನ್ನಾಗಿದ್ದರೂ ನಮಗೆ ಗಾಡಿ ಇಲ್ಲ ಅಂತಲೇ ಲೆಕ್ಕ.

ಆ ಲಿಫ್ಟ್ ಈ ವರ್ಷ ಕುಣಿಯತೊಡಗಿತು. ಕಲ್ಟಿವೇಟರ್ ಎತ್ತಿ ನಿಲ್ಲಿಸಿದರೆ ತಾನೇ ಇಳಿಯುವುದು, ಮತ್ತೆ ಜಗ್ಗಿ ಏರುವುದು. ಇಂಜಿನ್ ಬಂದ್ ಮಾಡಿದರೆ ಸಾವಕಾಶವಾಗಿ ನೆಲಕ್ಕೆ ಕೂರುವುದು. ಆರಿದ್ರಾ ಮಳೆ ಶುರುವಾದ ವಾರ ನಿಮ್ಮ ಅಧಿಕೃತ ಡೀಲರ್ ಹತ್ತಿರ ಗಾಡಿ ಬಿಟ್ಟೆವು. ನಮ್ಮೂರ ಮೆಕ್ಯಾನಿಕ್ ಅಂದೇ ಹೇಳಿದ್ದ, ‘ಸಿಲಿಂಡರ್ ಒಳಗಿನ ರಿಂಗ್ ಹೋಗಿರಬೇಕು, ಎಣ್ಣಿ ಒಳಗ ಸೋರ್ತೈತಿ’ ಅಂತ. ಆದರೆ ಕಂಪನಿ ಗಾಡಿ, ಕಂಪನಿಯವರೇ ನೋಡಲಿ ಅಂತ ನನ್ನ ತಮ್ಮ ಹಟ ಹಿಡಿದ. ಅಲ್ಲಿ ಜಾಬ್ ಕಾರ್ಡ್ ಬರೆದವನಿಗೆ ಇದನ್ನೆಲ್ಲ ಹೇಳಿದೆ. ಅವನು ಬರೆದುಕೊಂಡದ್ದು ‘ಹೈಡ್ರಾಲಿಕ್ ಕಂಪ್ಲೇಂಟ್’, ಎರಡೇ ಪದ. ಮೂರು ದಿನದಲ್ಲಿ ಕೊಡುತ್ತೇವೆ ಎಂದರು.

ಮೂರು ದಿನ ಹೋಯಿತು, ಆರಿದ್ರಾ ಹೋಯಿತು, ಪುನರ್ವಸು ಮುಗಿಯಲು ಬಂತು. ಪಾರ್ಟ್ ಬಂದಿಲ್ಲ, ಹುಡುಗ ರಜೆ, ಕಂಪ್ಯೂಟರ್ ಬಂದ್, ಹೀಗೆ ದಿನಕ್ಕೊಂದು. ಎರೆ ಹೊಲದಲ್ಲಿ ಮಳೆ ನಿಂತ ಮೇಲೆ ಎಡೆ ಹೊಡೆಯಲು ಹದ ಸಿಗುವುದೇ ಒಂದೆರಡು ದಿನ. ಮೊದಲು ಹೋದರೆ ಅಂಟು, ತಡವಾದರೆ ಹೆಂಟೆ. ಗೋವಿನಜೋಳಕ್ಕೆ ಕಳೆ ಕಾಯಬೇಕಾದದ್ದು ಮೊದಲ ಒಂದು, ಒಂದೂವರೆ ತಿಂಗಳು. ಆ ಹೊತ್ತಿನಲ್ಲಿ ನಮ್ಮ ಗಾಡಿ ನಿಮ್ಮ ಶೆಡ್ಡಿನಲ್ಲಿ ಬಾನೆಟ್ ಮೇಲೆ ಹಳೇ ಟೈರ್ ಹೊತ್ತುಕೊಂಡು ನಿಂತಿತ್ತು. ಫೋಟೋ ಇದೆ.

ಕೊನೆಗೆ ಕೊಟ್ಟರು. ಬಿಲ್ 23,460 ರೂಪಾಯಿ. ಹೊಸ ಹೈಡ್ರಾಲಿಕ್ ಪಂಪ್, ಫಿಲ್ಟರ್, ಎಣ್ಣೆ, ಮೇಲೆ ನಾವು ಕೇಳದೇ ಇದ್ದ ಹಿಂದಿನ ಆಕ್ಸಲ್‌ನ ಆಯಿಲ್ ಸೀಲ್. ಒಪ್ಪಿಗೆ ಕೇಳಿದ ಫೋನ್ ಬಂದಿಲ್ಲ, ಹಳೇ ಪಂಪ್ ವಾಪಸ್ ಕೊಟ್ಟಿಲ್ಲ. ಒಪ್ಪಿಗೆ ಮತ್ತು ಹಳೇ ಪಾರ್ಟ್ ಬಗ್ಗೆ ನಿಮ್ಮ ಜಾಬ್ ಕಾರ್ಡಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಮೂರನೇ ಮತ್ತು ಐದನೇ ನಿಯಮ ನಿಮಗೆ ಬಾಯಿಪಾಠ ಇರುತ್ತವೆ, ನಾನು ಮತ್ತೆ ಬರೆಯುವುದಿಲ್ಲ. ಅವನ್ನು ನಿಮ್ಮ ಡೀಲರಿಗೂ ಒಂದು ಸಲ ಓದಿಸಿ.

ಮರುದಿನ ಹೊಲಕ್ಕೆ ಇಳಿಸಿದರೆ ಲಿಫ್ಟ್ ಮೊದಲಿನ ಹಾಗೇ ಕುಣಿಯಿತು. ಅದು ಸಾಲದು ಅಂತ ಟೈರ್ ನೇರ ಪೈರಿನ ಮೇಲೆ! ತಮ್ಮನಿಗೆ ತಿಳಿಯಲೇ ಇಲ್ಲ, ಹಿಂದೆ ನಡೆದು ಬರುತ್ತಿದ್ದ ನಾನು ಕೂಗಿದೆ. ಇಳಿದು ಅಳೆದರೆ 4 ಅಡಿ ಇದ್ದದ್ದು 5 ಅಡಿ ಆಗಿದೆ. ಆಯಿಲ್ ಸೀಲ್ ಹಾಕಲು ಗಾಲಿ ಬಿಚ್ಚಿದವರು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದಾರೆ. ಹಾಗೆ ಹಾಕಿದಾಗ ಟೈರಿನ ಗೆರೆಗಳ ದಿಕ್ಕು ಸರಿಯಾಗೇ ಕಾಣುತ್ತದೆ, ಆದರೆ ಡಿಸ್ಕಿನ ಒಳಮೈ ಹೊರಗಾಗಿ ಗಾಲಿ ಅರ್ಧರ್ಧ ಅಡಿ ಆಚೆ ಹೋಗುತ್ತದೆ. ರಸ್ತೆ ಮೇಲೆ ಮರಳು, ಇಟ್ಟಿಗೆ ಹೊಡೆಯುವವನಿಗೆ ಇದರಿಂದ ಏನೂ ಆಗುವುದಿಲ್ಲ. ನಮಗೆ ಎರಡು ಸಾಲು ಉದ್ದಕ್ಕೂ ನೆಲಸಮ ಆಯಿತು.

ಈಗ ಆ ದಿನದ ಮಾತಿಗೆ ಬರುತ್ತೇನೆ. ವಿವರವಾಗಿ ಬರೆಯುತ್ತೇನೆ, ನಿಮ್ಮ ತರಬೇತಿ ವಿಭಾಗಕ್ಕೆ ಉಪಯೋಗ ಆದೀತು.

ಹೊಲದಿಂದ ನೇರ ಶೋರೂಮಿಗೆ ಹೋದೆ. ಒಳಗೆ ಹೊಸ ಗಾಡಿಯ ಡೆಲಿವರಿ ನಡೆದಿತ್ತು. ಹಾರ, ಕಾಯಿ, ಫೋಟೋ. ಬಾಗಿಲಲ್ಲಿದ್ದ ಹುಡುಗ ನನ್ನ ಚಪ್ಪಲಿ ನೋಡಿ ‘ಅಲ್ಲೇ ಬಿಡ್ರಿ, ಟೈಲ್ಸ್ ಹೊಲಸ ಆಗ್ತಾವ’ ಅಂದ. ಬಿಟ್ಟೆ. ಟ್ರ್ಯಾಕ್ಟರ್ ಮಾರುವ ಅಂಗಡಿಗೆ ಮಣ್ಣು ಬರಬಾರದು ಎಂಬುದು ನನಗೆ ಹೊಸ ವಿಷಯ, ಆದರೂ ಬಿಟ್ಟೆ. ಸರ್ವಿಸ್ ಮ್ಯಾನೇಜರ್ ಗಾಜಿನ ಕ್ಯಾಬಿನ್ ಬಿಟ್ಟು ಸೋಫಾದವರ ಜೊತೆ ಕೂತಿದ್ದರು. ನನ್ನ ಮಗನಿಗಿಂತ ಸಣ್ಣ ವಯಸ್ಸು. ನನಗೆ ಕುರ್ಚಿ ಇರಲಿಲ್ಲ.

‘ಏನ್ರೀ ಕಾಕಾ, ಮತ್ತ ಬಂದ್ರಿ?’

‘ಲಿಫ್ಟ್ ನಿಲ್ಲವಲ್ದು. ಗಾಲಿನೂ ಅದಲು ಬದಲು ಹಾಕ್ಯಾರ.’

‘ಹೊಸಾ ಪಂಪ್ ಹಾಕೇವಲ್ರೀ!’

‘ಪಂಪ್ ಕೆಟ್ಟಿರಲಿಲ್ಲ. ಎತ್ತತಿತ್ತು. ಎತ್ತಿದ್ದು ನಿಲ್ಲತಿರಲಿಲ್ಲ.’

ಅವರು ಸೋಫಾದವರ ಕಡೆ ತಿರುಗಿ ನಕ್ಕರು. ಆಮೇಲೆ ನನ್ನ ಕಡೆ ನೋಡಿ, ಶಾಲೆಯಲ್ಲಿ ಮಾಸ್ತರು ದಡ್ಡ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ, ‘ಲಿವರ್ ಎರಡು ಅದಾವಲ್ಲ ಕಾಕಾ, ಯಾವುದು ಯಾವುದಕ್ಕ, ಹೇಳ್ರಿ ನೋಡೂಣು’ ಅಂದರು.

ಇದಕ್ಕೆ ಉತ್ತರ ಕೊಡಬಾರದಿತ್ತು ಅಂತ ನನ್ನ ತಮ್ಮ ಈಗಲೂ ಬೈಯುತ್ತಾನೆ. ಆದರೆ ಕೊಟ್ಟೆ. ‘ಒಂದು ಪೊಸಿಷನ್, ಇಟ್ಟ ಎತ್ತರ ಕಾಯತೈತಿ. ಒಂದು ಡ್ರಾಫ್ಟ್, ಜಗ್ಗು ನೋಡಿ ಆಳ ಹೊಂದಸತೈತಿ. ಎಡಿ ಹೊಡಿಯಾಗ ಪೊಸಿಷನ್, ರೆಂಟಿ ಹೊಡಿಯಾಗ ಡ್ರಾಫ್ಟ್.’

‘ಪಾಸ್!’ ಅಂತ ಚಪ್ಪಾಳೆ ತಟ್ಟಿದರು. ಸೋಫಾದವರೂ ನಕ್ಕರು, ಅವರಲ್ಲಿ ಒಬ್ಬರು ನಮ್ಮ ಪಕ್ಕದ ಊರಿನವರು. ಅಷ್ಟರಲ್ಲಿ ಚಹಾ ಬಂತು. ತಟ್ಟೆ ನನ್ನ ಮುಂದೆಯೇ ಹಾದು ಸೋಫಾಕ್ಕೆ ಹೋಯಿತು. ಕಪ್ಪುಗಳು ಅವರ ತಲೆ ಎಣಿಸಿಯೇ ಬಂದಿದ್ದವು.

‘ಎಷ್ಟ ಎಕರೆ ಐತ್ರಿ ನಿಮ್ದು?’

‘ಏಳು.’

‘ಏಳು ಎಕರೆಕ್ಕ ಇಷ್ಟು ಗದ್ಲ ಏನ್ರೀ? ಔಷಧ ಹೊಡದು ಬಿಡ್ರಿ. ಈಗಿನ ಕಾಲದಾಗ ಯಾರ ಎಡಿ ಹೊಡಿತಾರ?’

ಗೋವಿನಜೋಳದಲ್ಲಿ ಈಗ ಹೊಡೆಯುವ ಕಳೆ ಔಷಧ ನಡುವಿನ ತೊಗರಿಯನ್ನೂ ಸುಡುತ್ತದೆ, ಎರಡಕ್ಕೂ ನಡೆಯುವ ಪೆಂಡಿಮೆಥಾಲಿನ್ ಆದರೆ ಬಿತ್ತಿದ ಒಂದೆರಡು ದಿನದಲ್ಲಿ ಹೊಡೆಯಬೇಕಿತ್ತು ಎಂದು ಹೇಳಲು ಹೋದೆ. ಅವರು ಫೋನ್ ಎತ್ತಿಕೊಂಡರು. ಮಾತು ಮುಗಿಯುವ ತನಕ ಬರಿಗಾಲಲ್ಲಿ ತಣ್ಣನೆಯ ಟೈಲ್ಸ್ ಮೇಲೆ ನಿಂತೆ. ಫೋನಿನಲ್ಲಿ ಅವರು ಮಾತಾಡಿದ್ದು ಯಾವುದೋ ಕ್ರಿಕೆಟ್ ಟೂರ್ನಮೆಂಟಿನ ಟೀ ಶರ್ಟ್ ಬಗ್ಗೆ. ಮುಗಿದ ಮೇಲೆ ಹಳೇ ಪಂಪ್ ಕೇಳಿದೆ.

‘ಗುಜರಿಗೆ ಹೋತು.’

‘ನಂದು ಅದು.’

‘ಕಾಕಾ, ನಿಮ್ಮ ಗಾಡಿನೂ ಅಲ್ಲಿಗೇ ಹೋಗೂದೈತಿ. ಹದಿನೈದು ವರ್ಷ ಆದ್ದು ಸರ್ಕಾರದವರ ಸ್ಕ್ರ್ಯಾಪ್ ಮಾಡಸ್ತಾರ. ಎಕ್ಸ್‌ಚೇಂಜಿಗೆ ಕೊಡ್ರಿ. ಇಲ್ಲಂದ್ರ ಮ್ಯೂಸಿಯಂ ಮಾಡ್ತೀವಿ, ಹಾರ ಹಾಕಿ ಇಡ್ತೀವಿ.’ ಮತ್ತೆ ನಗು. ಹುಡುಗನನ್ನು ಕರೆದು, ‘ಕಾಕಾಗ ಹೊಸ ಗಾಡಿ ಬ್ರೋಷರ್ ಕೊಡಪಾ’ ಅಂದರು. ಕೊಟ್ಟ. ದೂರಿನ ಪುಸ್ತಕ ಕೇಳಿದೆ, ಅದು ಮಾತ್ರ ಸಿಗಲಿಲ್ಲ.

ಬ್ರೋಷರ್ ಚೆನ್ನಾಗಿದೆ, ನುಣುಪು ಕಾಗದ. ಅದರಲ್ಲಿ ಗೋವಿನಜೋಳದ ಹೊಲದ ಪಕ್ಕ ಹೊಸ ಗಾಡಿ ನಿಂತಿದೆ. ಒಳಗಿಲ್ಲ, ಪಕ್ಕ. ಆ ಟೈರಿನ ಅಗಲ ನೋಡಿದರೆ ಒಳಗೆ ಹೋಗುವುದೂ ಇಲ್ಲ.

ಸ್ಕ್ರ್ಯಾಪಿನ ಸುಳ್ಳಿಗೆ ಉತ್ತರ ಇಲ್ಲೇ ಕೊಡುತ್ತೇನೆ. ಒಕ್ಕಲುತನದ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. ಮೊದಲು 15 ವರ್ಷದ ನೋಂದಣಿ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಕಡ್ಡಾಯವಾಗಿ ಗುಜರಿಗೆ ಹಾಕಬೇಕಿಲ್ಲ. ನಮ್ಮದು 2013, 2018, 2023ರಲ್ಲಿ ನವೀಕರಣವಾಗಿ ಕಾನೂನು ಪ್ರಕಾರವೇ ಓಡುತ್ತಿದೆ. ಇದು ಟ್ರ್ಯಾಕ್ಟರ್ ಕಂಪನಿಗೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಹಾಗಾದರೆ ಹೆದರಿಸಿ ಹೊಸದು ಮಾರುವುದು ನಿಮ್ಮ ವ್ಯಾಪಾರದ ಪಾಠ ಅಂತಲೇ ತಿಳಿಯಬೇಕು ಅಲ್ವಾ?

ಇನ್ನು ರಿಪೇರಿ ವಿಷಯ. ನಮ್ಮೂರ ಮೆಕ್ಯಾನಿಕ್ ಬೇವಿನ ಮರದ ಕೆಳಗೆ ಲಿಫ್ಟ್ ಕವರ್ ಬಿಚ್ಚಿದ. ಸಿಲಿಂಡರಿನ ಪಿಸ್ಟನ್ ಮೇಲಿನ ಓ ರಿಂಗ್ ಒಂದು ಕಡೆ ಕಚ್ಚಿಹೋಗಿತ್ತು. ಹೊಸ ರಿಂಗ್, ಬೆನ್ನಿಗೆ ಕೂರುವ ಬ್ಯಾಕಪ್ ರಿಂಗ್, ಗ್ಯಾಸ್ಕೆಟ್ ಸೇರಿ 340 ರೂಪಾಯಿ. ಅವನ ಕೂಲಿ ಬೇರೆ. ಮಧ್ಯಾಹ್ನದ ಊಟದ ಹೊತ್ತಿಗೆ ಲಿಫ್ಟ್ ನಿಂತಿತು. ನಿಮ್ಮ ಹೊಸ ಪಂಪ್ ಒಳಗೆ ಸುಮ್ನೆ ಕೂತಿದೆ, ಹಳೆಯದೂ ಅದೇ ಕೆಲಸ ಮಾಡುತ್ತಿತ್ತು. ಪಕ್ಕದ ಮನೆಯವರ ಹತ್ತಿರ ಎಚ್‌ಎಂಟಿ ಗಾಡಿ ಇದೆ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಕಂಪನಿ ಜೊತೆ ಸೇರಿ ಶುರು ಮಾಡಿದ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿತು. ಕಂಪನಿಯೇ ಇಲ್ಲದ ಆ ಗಾಡಿ ಈ ವರ್ಷ ಎಡೆ ಹೊಡೆಯಿತು. ಕಂಪನಿ ಇರುವ ನಮ್ಮದು ಹೊಡೆಯಲಿಲ್ಲ. ಪುಷ್ಯ ಮಳೆ ಬಂದಾಗ ಜೋಳ ಸೊಂಟಕ್ಕೆ ಬಂದಿತ್ತು, ಗಾಡಿ ಒಳಗೆ ಹೋಗುವ ಕಾಲ ಮುಗಿದಿತ್ತು. ಮಣ್ಣು ಏರಿಸುವುದೂ ತಪ್ಪಿತು. ಆಳು ಹಚ್ಚಿ ಕೈಯಲ್ಲಿ ಕಳೆ ತೆಗೆಸಿದ ಕೂಲಿಯ ಲೆಕ್ಕ ಬರೆದಿಟ್ಟಿದ್ದೇವೆ.

ನಮಗೆ ಬರಬೇಕಾದದ್ದು: ಪಂಪಿನ ಮತ್ತು ಕೇಳದೇ ಮಾಡಿದ ಕೆಲಸದ ಪೂರ್ತಿ ಹಣ, ಕಳೆ ತೆಗೆಸಿದ ಕೂಲಿ, ಹಳೇ ಪಂಪ್ ಅಥವಾ ಅದರ ಬೆಲೆ. ಮತ್ತೆ ಆ ಮ್ಯಾನೇಜರ್ ಸಾಹೇಬರಿಂದ ಬರವಣಿಗೆಯಲ್ಲಿ ಕ್ಷಮೆ. ಕನ್ನಡದಲ್ಲಿ, ಕೈಬರಹದಲ್ಲಿ. ಉಚಿತ ಸರ್ವಿಸ್ ಕೂಪನ್ ಕಳಿಸಬೇಡಿ. ನಿಮ್ಮ ಹುಡುಗರು ನಮ್ಮ ಗಾಡಿ ಇನ್ನೊಮ್ಮೆ ಮುಟ್ಟುವುದು ನಮಗೆ ಬೇಡ.

ಇದನ್ನೂ ‘ಸಂಬಂಧಪಟ್ಟವರಿಗೆ’ ಕಳಿಸಿ ಸುಮ್ಮನಾದರೆ ನಾನು ಸುಮ್ಮನಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ. ಎರಡು ವರ್ಷ ಅವಧಿ ಇದೆ, ನನಗೆ ಆತುರವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು ಕಲಿತಿದ್ದೇನೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತೆರೆದ ‘ರೈಟ್ ಟು ರಿಪೇರ್’ (ರಿಪೇರಿಯ ಹಕ್ಕು) ಪೋರ್ಟಲ್‌ನಲ್ಲಿ ಕೃಷಿ ಯಂತ್ರಗಳೂ ಇವೆ, ಅದನ್ನೂ ಮಗ ತೋರಿಸಿಕೊಟ್ಟ.

ಅದೆಲ್ಲ ನಿಧಾನದ ಕೆಲಸ. ಖಂಡೇನವಮಿ ಅದಕ್ಕಿಂತ ಮೊದಲು ಬರುತ್ತದೆ. ಅಂದು ನಿಮ್ಮ ಶೋರೂಮಿನಲ್ಲಿ ಎಷ್ಟು ಡೆಲಿವರಿ ಇರುತ್ತವೆ, ಎಷ್ಟು ಜನ ಬರುತ್ತಾರೆ ನನಗೆ ಗೊತ್ತು. ನಮ್ಮ 1998ರ ಗಾಡಿಯನ್ನು ತೊಳೆದು, ಹಾರ ಹಾಕಿ, ನಿಮ್ಮ ಗೇಟಿನ ಎದುರಿಗೆ ರಸ್ತೆಯ ಆಚೆ ನಿಲ್ಲಿಸುತ್ತೇನೆ. ಆ ಜಾಗ ನಮ್ಮ ಬೀಗರದ್ದು, ಅವರು ಹೂಂ ಅಂದಿದ್ದಾರೆ. ಕಲ್ಟಿವೇಟರ್ ಪೂರ್ತಿ ಎತ್ತಿ ಇಂಜಿನ್ ಬಂದ್ ಮಾಡುತ್ತೇನೆ. ಒಂದು ಹಲ್ಲಿಗೆ ನಿಮ್ಮ 23,460ರ ಬಿಲ್, ಇನ್ನೊಂದಕ್ಕೆ 340 ರೂಪಾಯಿಯ ಚೀಟಿ ಮತ್ತು ಆ ಕಚ್ಚಿದ ರಿಂಗ್ ಕಟ್ಟಿ ಹೊತ್ತು ಮುಳುಗುವ ತನಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕೇಳಿದವರಿಗೆಲ್ಲ ಎರಡು ಲಿವರ್ ಯಾವುದು ಯಾವುದಕ್ಕೆ ಅಂತ ಹೇಳುತ್ತೇನೆ. ಚಹಾ ನಾನೇ ಕೊಡಿಸುತ್ತೇನೆ, ನಿಮ್ಮ ಮ್ಯಾನೇಜರಿಗೂ ಒಂದು ಕಪ್ ಇರುತ್ತದೆ.

ಜಾಬ್ ಕಾರ್ಡ್, ಎರಡೂ ಬಿಲ್ಲು, ಫೋಟೋಗಳ ನಕಲು ಇದರ ಜೊತೆ ಇವೆ. ಮೂಲ ಪ್ರತಿ ಕೊಡುವುದಿಲ್ಲ.

ಇತಿ,
ನಿಮ್ಮ 1998ರ ಗ್ರಾಹಕ