‘ಎಲ್ಲರೂ ಸುರಕ್ಷಿತ’ ಅಂದವರು ಯಾರು?

ಮಾನ್ಯರೇ,

ನಮ್ಮ ಆಫೀಸಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಕರೆಂಟ್ ಪ್ಯಾನೆಲ್ ಹೊತ್ತಿಕೊಂಡ ಸುದ್ದಿ ನಿಮ್ಮ ನಿನ್ನೆಯ ಸಂಚಿಕೆಯಲ್ಲಿದೆ. ‘ಹತ್ತೇ ನಿಮಿಷದಲ್ಲಿ ಎಲ್ಲರನ್ನೂ ಸುರಕ್ಷಿತವಾಗಿ ಹೊರಗೆ ಕರೆತಂದೆವು’ ಅಂತ ಕಟ್ಟಡದವರು ಹೇಳಿದ್ದಾರೆ. ಸಂತೋಷ. ಆ ಹತ್ತು ನಿಮಿಷ ಮುಗಿದ ಮೇಲೂ ನಾನು ನಾಲ್ಕನೇ ಮಹಡಿಯಲ್ಲೇ ಇದ್ದೆ. ಎಲ್ಲರ ಲೆಕ್ಕದಲ್ಲಿ ನಾನು ಬರುವುದಿಲ್ಲವೇನೋ.

ನಾನು ಚಿಕ್ಕಂದಿನಲ್ಲೇ ಪೋಲಿಯೊ ಆದವನು, ವ್ಹೀಲ್‌ಚೇರ್‌ನಲ್ಲಿ ಓಡಾಡುತ್ತೇನೆ. ಬೆಂಕಿ ಅಂದ ಕೂಡಲೇ ಲಿಫ್ಟ್ ನಿಲ್ಲಿಸಿದರು. ನಿಲ್ಲಿಸಬೇಕಾದ್ದೇ. ಆಮೇಲೇನು? ‘ಸಾರ್, ಇಲ್ಲೇ ಇರಿ, ಬರ್ತೀವಿ’ ಅಂದವರು ಬರಲೇ ಇಲ್ಲ. ಮೆಟ್ಟಿಲ ಕಡೆಯಿಂದ ಹೊಗೆ ಶುರುವಾಯಿತು. ಬಾಗಿಲು ಮುಚ್ಚೋಣವೆಂದರೆ ಗಾಳಿ ಬರಲಿ ಅಂತ ನೀರಿನ ಕ್ಯಾನ್ ಅಡ್ಡ ಇಟ್ಟಿದ್ದಾರೆ. ಹೊಗೆ ತಡೆಯುವ ಬಾಗಿಲಿಗೆ! ಕೊನೆಗೆ ಹೌಸ್‌ಕೀಪಿಂಗ್ ಹುಡುಗರಿಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ದಾರಿಯಲ್ಲಿ ಹಳೇ ಮೇಜು, ಪೇಪರ್ ಬಂಡಲ್. ಒಂದು ತಿರುವಿನಲ್ಲಿ ನನ್ನನ್ನು ಓರೆ ಮಾಡಿ ದಾಟಿಸಿದರು. ಮಧ್ಯಾಹ್ನವೆಲ್ಲ ಫುಟ್‌ಪಾತ್ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ, ಬಾತ್‌ರೂಮಿಗೂ ಹೋಗುವ ಹಾಗಿಲ್ಲ. ವ್ಹೀಲ್‌ಚೇರ್ ಕೈಗೆ ಸಿಕ್ಕಿದ್ದು ರಾತ್ರಿ, ಅದೂ ಒಂದು ಕಡೆಯ ಫುಟ್‌ರೆಸ್ಟ್ ಇಲ್ಲದೆ. ನಮ್ಮಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳಿದ್ದಾಳೆ. ಅಕ್ಕಪಕ್ಕದ ಸೀಟು ಖಾಲಿಯಾದ ಮೇಲೇ ಅವಳಿಗೆ ವಿಷಯ ತಿಳಿದಿದ್ದು. ಬೆಲ್ ಜೊತೆಗೊಂದು ಮಿನುಗುವ ದೀಪ ಹಾಕಲು ಏನು ಕಷ್ಟ?

ಏಪ್ರಿಲ್‌ನ ಅಗ್ನಿಶಾಮಕ ಸಪ್ತಾಹದಲ್ಲಿ ಇದೇ ಕಟ್ಟಡದಲ್ಲಿ ಅಣಕು ಕಾರ್ಯಾಚರಣೆ ನಡೆದಿತ್ತು. ‘ನಿಮಗ್ಯಾಕೆ ತೊಂದರೆ ಸಾರ್’ ಅಂತ ಶುರುವಾಗುವ ಮುಂಚೆಯೇ ನನ್ನನ್ನು ಲಿಫ್ಟ್‌ನಲ್ಲಿ ಇಳಿಸಿ, ನೆರಳಲ್ಲಿ ಕೂರಿಸಿ, ಜ್ಯೂಸ್ ಕೊಟ್ಟಿದ್ದರು. ಬೆಂಕಿಯೂ ಹಾಗೇ ಹೇಳಿ ಕಳಿಸಿ ಬರುತ್ತದೆ ಅಂದುಕೊಂಡಿದ್ದರೋ ಏನೋ. ನನ್ನನ್ನು ಇಳಿಸುವವರು ಯಾರು ಅಂತ ಅವತ್ತೇ ಇಬ್ಬರ ಹೆಸರು ಬರೆದಿಡಬಹುದಿತ್ತಲ್ವಾ? ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ಇವ್ಯಾಕ್ಯುಯೇಷನ್ ಚೇರ್ ಅಂತ ಸಿಗುತ್ತದೆ. ಲಾಬಿಯ ಗ್ರಾನೈಟಿಗೆ ದುಡ್ಡಿದೆ, ಅದಕ್ಕಿಲ್ಲ.

2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೆಲ್ಲ ಕೈಕಾಲು ಗಟ್ಟಿ ಇದ್ದವರೇ. ನಮ್ಮಂಥವರ ಗತಿ? ಅಪಾಯದ ಹೊತ್ತಿನಲ್ಲಿ ನಮಗೂ ಸಮಾನ ರಕ್ಷಣೆ ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಕಾದು ನಿಲ್ಲುವ ಸುರಕ್ಷಿತ ಜಾಗ ಯಾಕಿಲ್ಲ ಅಂತ ಕೇಳಿದರೆ, ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು 24 ಮೀಟರ್‌ಗಿಂತ ಎತ್ತರದ ಕಟ್ಟಡಗಳಿಗೆ, ನಮ್ಮದು ಅಷ್ಟಿಲ್ಲ ಅನ್ನುತ್ತಾರೆ ಮ್ಯಾನೇಜರ್. ನಾಲ್ಕನೇ ಮಹಡಿಗೆ ಹೊಗೆ ಹತ್ತುವುದಿಲ್ಲವೇ?

ಅಧಿಕಾರಿಗಳ ಮಾತು ಬಿಡಿ. ಅಂಗವಿಕಲರ ಪ್ರಮಾಣಪತ್ರಕ್ಕೆ ನಾನು ಅಲೆದ ಕಚೇರಿ ಇದ್ದದ್ದೇ ಮೊದಲ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಗುಮಾಸ್ತರು ಕೆಳಗೆ ಬಂದು ನೋಡಿ, ‘ಕಾಲು ಇಲ್ವಾ, ಇದ್ಯಲ್ಲಾ’ ಅಂದಿದ್ದರು. ನಮ್ಮ ಬೀದಿಯ ಬ್ಯಾಂಕಿನ ರ‍್ಯಾಂಪಿಗೆ ಬೀಗದ ಸರಪಳಿ, ಬೈಕ್ ನಿಲ್ಲಿಸುತ್ತಾರಂತೆ. ಫುಟ್‌ಪಾತ್ ಮಧ್ಯೆ ಟ್ರಾನ್ಸ್‌ಫಾರ್ಮರ್. ಈಗ ಊರಿಗೆ ಐದು ಪಾಲಿಕೆ ಬೇರೆ. ನಾನು ಯಾವುದರ ಬಾಗಿಲು ಬಡಿಯಲಿ?

ಅಗ್ನಿಶಾಮಕದವರೋ ಪಾಲಿಕೆಯವರೋ, ಇಲ್ಲಾ ಇಬ್ಬರೂ ಸೇರಿಯೋ, ಕೂಡಲೇ ಏನಾದರೂ ಕ್ರಮ ತೆಗೆದುಕೊಳ್ಳಬೇಕು. ಇಂಥ ಕಟ್ಟಡಗಳಿಗೆ ಕೊಟ್ಟ ಅಗ್ನಿಸುರಕ್ಷತೆಯ ಒಪ್ಪಿಗೆ ಪತ್ರ (ಎನ್‌ಒಸಿ) ರದ್ದು ಮಾಡಿ, ಮಾಡದಿದ್ದರೆ ಆ ಕ್ಯಾನನ್ನಾದರೂ ತೆಗೆಸಿ. ಎರಡೂ ಆಗದಿದ್ದರೆ ಎನ್‌ಒಸಿ ಮೇಲೆ ‘ನಡೆಯಬಲ್ಲವರಿಗೆ ಮಾತ್ರ’ ಅಂತ ಸೀಲು ಹೊಡೆದುಬಿಡಿ. ಸಂಬಳ ತೆಗೆದುಕೊಳ್ಳುವುದಕ್ಕೆ ಸ್ವಲ್ಪವಾದರೂ ಕೆಲಸ ಮಾಡಬೇಕಲ್ಲ ಸ್ವಾಮಿ.

– ನೊಂದ ನೌಕರ, ಬೆಂಗಳೂರು